ಅಜ್ಜನ ಪೆಟ್ಟಿಗೆಯ ಜರ್ಮನ್ ಬಿಲ್ಲೆ

ಪ್ರಶ್ನೆ: ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಎಂಟು ಮೂಲೆಯ ಬೂದುಬಣ್ಣದ ಬಿಲ್ಲೆಯೊಂದು ಸಿಕ್ಕಿದೆ. ಒಂದು ಬದಿಯಲ್ಲಿ ಕಾರ್ಖಾನೆಯ ಹೆಸರಿದೆ; ಇನ್ನೊಂದು ಬದಿಯಲ್ಲಿ 10 ಎಂಬ ಅಂಕಿ ಮತ್ತು ‘ಕ್ಲೈನ್‌ಗೆಲ್ಟ್‌ಎರ್‌ಜಾಟ್ಸ್‌ಮಾರ್ಕೆ’ ಎಂಬ ಜರ್ಮನ್ ಪದವಿದೆ. ಇದು ನಾಣ್ಯವೇ? ಹುಣಸೆಹಣ್ಣು ಹಚ್ಚಿ ಬೆಳಗಬಹುದೇ?
– ಓದುಗರು, ಪಿ. ಜೆ. ಬಡಾವಣೆ, ದಾವಣಗೆರೆ

ಉತ್ತರ: ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ. ತಾಮ್ರದ ಚೊಂಬನ್ನು ಹೊಳೆಯಿಸುವ ಆ ಹುಳಿಯೇ ಸತುವನ್ನು ತಿಂದು, ಅಕ್ಷರಗಳ ಅಂಚನ್ನು ಅಳಿಸಿಬಿಡುತ್ತದೆ. ಆಯಸ್ಕಾಂತ ಹಿಡಿದು ನೋಡಿ: ಅಂಟಿಕೊಂಡರೆ ಕಬ್ಬಿಣ, ಇಲ್ಲವಾದರೆ ಬಹುತೇಕ ಸತು. ಎರಡರಲ್ಲಿ ಯಾವುದಾದರೂ ಸರಿ, ಒಣ ಬಟ್ಟೆಯಿಂದ ಧೂಳು ಒರೆಸಿ, ಕಾಗದದ ಲಕೋಟೆಯಲ್ಲಿ ಇಟ್ಟರೆ ಸಾಕು.

ಆ ಉದ್ದನೆಯ ಪದಕ್ಕೆ ‘ಚಿಲ್ಲರೆಗೆ ಬದಲಿ ಬಿಲ್ಲೆ’ ಎಂದರ್ಥ. ಹಾಗಾಗಿ ಇದು ಸರ್ಕಾರದ ಟಂಕಸಾಲೆಯ ನಾಣ್ಯವಲ್ಲ. ಅಂಕಿ ಸೂಚಿಸುವುದು 10 ಫೆನಿಗ್, ಅಂದರೆ ಆಗಿನ ಜರ್ಮನ್ ಹಣವಾದ ಮಾರ್ಕಿನ ಹತ್ತನೆಯ ಒಂದು ಪಾಲು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಜನರು ಬೆಳ್ಳಿ ನಾಣ್ಯಗಳನ್ನು ಮನೆಯಲ್ಲೇ ಕೂಡಿಟ್ಟರು. ಮದ್ದುಗುಂಡು ಮತ್ತು ಉಕ್ಕಿನ ತಯಾರಿಕೆಗೆ ತಾಮ್ರ, ನಿಕ್ಕಲ್ ಬೇಕಾದ್ದರಿಂದ ಸರ್ಕಾರ ಚಿಲ್ಲರೆಯನ್ನೂ ಕಬ್ಬಿಣ, ಸತು, ಅಲ್ಯೂಮಿನಿಯಂಗಳಲ್ಲಿ ಟಂಕಿಸತೊಡಗಿತು. ಅದೂ ಸಾಲದೆ ಹೋದಾಗ ನಗರಸಭೆಗಳ ಜೊತೆಗೆ ಗಣಿಗಳು, ಉಕ್ಕಿನ ಕಾರ್ಖಾನೆಗಳು ತಮ್ಮದೇ ಬಿಲ್ಲೆಗಳನ್ನು ಹೊರತಂದವು. ಜರ್ಮನರು ಇಂಥ ಹಣವನ್ನು ಒಟ್ಟಾಗಿ ‘ನೋಟ್‌ಗೆಲ್ಟ್’, ಅಂದರೆ ಆಪತ್ಕಾಲದ ಹಣ, ಎನ್ನುತ್ತಾರೆ.

ನಮ್ಮ ಅಂಗಡಿಗಳಲ್ಲಿ ಚಿಲ್ಲರೆಯ ಬದಲು ಚಾಕೊಲೇಟ್ ಕೊಡುವುದನ್ನು ನೀವು ಕಂಡಿರುತ್ತೀರಿ. ಆದರೆ ಈ ಬಿಲ್ಲೆಯ ಹಿಂದೆ ಕಾರ್ಖಾನೆಯ ವಚನವಿತ್ತು: ತಂದು ಕೊಟ್ಟರೆ ಅಷ್ಟು ಹಣವನ್ನು ತೀರಿಸುತ್ತೇವೆ ಎಂಬ ವಚನ. ಆ ಕಂಪನಿಯ ಮೇಲೆ ನಂಬಿಕೆ ಇರುವ ಊರಿನಾಚೆ ಅದಕ್ಕೆ ಬೆಲೆಯಿರಲಿಲ್ಲ. ಬೆವರು ಸುರಿಸಿ ದುಡಿದ ಕಾರ್ಮಿಕನ ಕೂಲಿ ಹೀಗೆ ಅವನ ಊರಿಗೇ ಕಟ್ಟುಬಿದ್ದದ್ದು ನನ್ನ ಮನಸ್ಸನ್ನು ಕಲಕುತ್ತದೆ.

‘ವೆರ್ಟ್‌ಮಾರ್ಕೆ’ (ಮೌಲ್ಯದ ಬಿಲ್ಲೆ) ಎಂದಷ್ಟೇ ಬರೆದ ಬಿಲ್ಲೆಗಳೂ ಸಿಗುತ್ತವೆ. ಅವುಗಳಲ್ಲಿ ಹಲವು ಕ್ಯಾಂಟೀನಿನ ಊಟಕ್ಕೋ ಬಿಯರಿಗೋ ಕೊಡುತ್ತಿದ್ದ ಟೋಕನ್‌ಗಳು, ಆಪತ್ಕಾಲದ ಹಣವಲ್ಲ. ನಿಮ್ಮ ಬಿಲ್ಲೆಯ ಬರಹ ಸ್ಪಷ್ಟವಾಗಿರುವುದರಿಂದ ಆ ಗೊಂದಲವಿಲ್ಲ. ಇಸವಿ ಕಾಣದಿದ್ದರೂ ಅದು 1923ರ ಕಡೆಯ ತಿಂಗಳುಗಳದ್ದಾಗಿರಲಾರದು. ಜರ್ಮನಿಯ ಹಣದ ಬೆಲೆ ಕುಸಿದು, ಆ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿ, 10 ಫೆನಿಗ್‌ಗೆ ಕೊಳ್ಳಲು ಏನೂ ಉಳಿದಿರಲಿಲ್ಲ.