ಸೈಕಾಲಜಿ ಓದುವ ಮಗಳ ಬಗ್ಗೆ ಕೇಳಿದವರಿಗೆ

ಸರ್, ಮಗಳು ಕಲಬುರಗಿಯಲ್ಲಿ ಬಿಎ ಸೈಕಾಲಜಿ ಓದುತ್ತಿದ್ದಾಳೆ, ‘ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಹುಚ್ಚರ ಡಾಕ್ಟರಾ?’ ಅಂತ ಬೀಗರು ಕೇಳುತ್ತಾರೆ ಎಂದು ಬರೆದಿದ್ದೀರಿ. ಅಲ್ಲ. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಬಂದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಸ್ಸಿನ ತೊಂದರೆ ಪರೀಕ್ಷಿಸಿ, ಮಾತಿನಿಂದ ಚಿಕಿತ್ಸೆ ಕೊಡುವವರು.

ಕ್ಲಿನಿಕಲ್ ಸೈಕಾಲಜಿಸ್ಟರ ಕಸುಬು ಶುರುವಾಗಿದ್ದೇ ಶಾಲೆ ಮಕ್ಕಳಿಂದ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬ ಸೈಕಾಲಜಿಸ್ಟ್ ಕ್ಲಿನಿಕ್ ತೆರೆದರು. ಮೊದಲು ಬಂದವನು ಸ್ಪೆಲಿಂಗ್ ಬಾರದ ಹುಡುಗ, ಕರೆತಂದವರು ಟೀಚರ್. ನೋಡಿದರೆ ಕಣ್ಣಲ್ಲೂ ದೋಷ! ಕನ್ನಡಕದ ಜೊತೆಗೆ ಓದೂ ಹೇಳಿಕೊಟ್ಟರು. ‘ದಡ್ಡ’ ಅಂತ ಸುಮ್ನೆ ಬೈಸಿಕೊಳ್ಳುವ ಹುಡುಗರು ನಮ್ಮ ಕಡೆಯೂ ಇದ್ದಾರೆ, ಅಲ್ವಾ?

ದೊಡ್ಡವರಿಗೆ ಮಾತಿನ ಚಿಕಿತ್ಸೆ ಕೊಡುವುದು ಜಾಸ್ತಿಯಾಗಿದ್ದು ಎರಡನೇ ಮಹಾಯುದ್ಧದ ನಂತರ, ನೊಂದ ಸೈನಿಕರಿಗಾಗಿ.

ಒಂದು ಮಾತು: ಬಿಎ ಒಂದೇ ಸಾಲದು. ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಎಂಬ ಕೇಂದ್ರದ ಸಂಸ್ಥೆ) ಒಪ್ಪಿದ ಕೋರ್ಸ್ ಮುಗಿಸಿ ನೋಂದಣಿ ಮಾಡಿಸಬೇಕು. ಮುಂದೆ ಸೀಟು ಹುಡುಕುವಾಗ ಮಗಳು ಇದನ್ನೇ ಮೊದಲು ವಿಚಾರಿಸಲಿ.