ಸೋಫಿ ಶೋಲ್ ಕುರಿತ 2005ರ ಜರ್ಮನ್ ಸಿನಿಮಾದ ಬಹುಭಾಗ ವಿಚಾರಣೆ ಕೋಣೆಯಲ್ಲೇ ಯಾಕೆ ನಡೆಯುತ್ತದೆ?

ಯಾಕೆಂದರೆ ಆ ಕೋಣೆಯ ಮಾತುಕತೆಯ ದಾಖಲೆಯೇ ನಿರ್ದೇಶಕ ಮಾರ್ಕ್ ರೋಥೆಮುಂಡ್ ಕೈಗೆ ಸಿಕ್ಕಿತ್ತು.

ಸೋಫಿ, ಹಿಟ್ಲರ್ ವಿರೋಧಿ ‘ಬಿಳಿ ಗುಲಾಬಿ’ ಗುಂಪಿನ ವಿದ್ಯಾರ್ಥಿನಿ. 1943ರ ಫೆಬ್ರವರಿ 18ರಂದು ಅಣ್ಣ ಹಾನ್ಸ್ ಜೊತೆ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಕರಪತ್ರ ಹಂಚಲು ಹೋದಳು. ಉಳಿದದ್ದನ್ನು ಮೇಲಿನ ಮಹಡಿಯಿಂದ ಕೆಳಗೆ ತಳ್ಳಿದ್ದು ಅಲ್ಲಿನ ನೌಕರನೊಬ್ಬನ ಕಣ್ಣಿಗೆ ಬಿತ್ತು. ನಾಲ್ಕೇ ದಿನಕ್ಕೆ ಇಬ್ಬರ ತಲೆ ಕಡಿದರು. ಆಕೆಗೆ ಆಗ 21 ವರ್ಷ.

ಗೆಸ್ಟಾಪೊ, ಅಂದರೆ ನಾಜಿಗಳ ಗುಪ್ತ ಪೊಲೀಸರು, ಬರೆದಿಟ್ಟ ವಿಚಾರಣೆಯ ಕಡತ ಪೂರ್ವ ಜರ್ಮನಿಯ ದಫ್ತರಗಳಲ್ಲಿ ಬಿದ್ದಿತ್ತು. ಬರ್ಲಿನ್ ಗೋಡೆ ಉರುಳಿದ ಮೇಲಷ್ಟೇ ಅದು ಹೊರಬಂತು. 1982ರಲ್ಲಿ ಇದೇ ಕಥೆಯ ಮೇಲೆ ಬಂದ ಎರಡು ಸಿನಿಮಾಗಳಿಗೆ ಈ ಅನುಕೂಲ ಇರಲಿಲ್ಲ.

ಸಿನಿಮಾದಲ್ಲಿ, ಕರಪತ್ರ ತಂದಿದ್ದ ಸೂಟ್‌ಕೇಸ್ ಖಾಲಿ ಯಾಕೆ ಎಂದು ಗೆಸ್ಟಾಪೊ ಅಧಿಕಾರಿ ಮೋರ್ ಸೋಫಿಯನ್ನು ಕೇಳುತ್ತಾನೆ. ಊರಿಂದ ಒಗೆದ ಬಟ್ಟೆ ತರೋಕೆ, ಅನ್ನುತ್ತಾಳೆ. ಅವನು ಹೆಚ್ಚುಕಮ್ಮಿ ನಂಬಿಯೇಬಿಡುತ್ತಾನೆ! ಒಂದು ಮೇಜು, ಎರಡು ಕುರ್ಚಿ, ಅಷ್ಟೇ. ನನಗಂತೂ ಬಾಂಬು ಸಿಡಿಯುವ ಯುದ್ಧದ ಸಿನಿಮಾಗಳಿಗಿಂತ ಇದೇ ಹೆಚ್ಚು ಉಸಿರು ಬಿಗಿಹಿಡಿಸಿತು. ಆದರೆ ನೋಡುವಾಗ ಒಂದು ನೆನಪಿರಲಿ: ಆ ಕಡತವನ್ನು ಬರೆದವರೂ ಪೊಲೀಸರೇ.