ನಿಲ್ಲದೆ ಹೋದ ಬಸ್ಸಿನ ಲೆಕ್ಕ

ಮೇಷ್ಟ್ರೇ,

ನಿಮ್ಮ ಪತ್ರ ತಲುಪಿತು. ಟಿಕೆಟ್ ಯಂತ್ರದ ಲೆಕ್ಕ ನೋಡಿ ಬಸ್ಸಿನ ವೇಳಾಪಟ್ಟಿ ತಿದ್ದಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ನೀವು, "ಶಿಡ್ಲಘಟ್ಟದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಬೆಳಗಿನ ಬಸ್ಸು ನಮ್ಮೂರ ಗೇಟಿಗೆ ಬರುವಷ್ಟರಲ್ಲಿ ತುಂಬಿರುತ್ತದೆ, ನಿಲ್ಲಿಸದೆ ಹೋಗುತ್ತದೆ. ಮೊಮ್ಮಗಳು ಶೇರ್ ಆಟೊ ಹಿಡಿದು ಕಾಲೇಜಿಗೆ ಹೋಗುತ್ತಾಳೆ. ನಿಮ್ಮ ಯಂತ್ರಕ್ಕೆ ಇದು ಕಾಣುತ್ತದೆಯೇ?" ಎಂದು ಕೇಳಿದ್ದೀರಿ.

ಕಾಣುವುದಿಲ್ಲ. ಕಂಡಕ್ಟರ್ ಕೈಯಲ್ಲಿರುವ ಯಂತ್ರಕ್ಕೆ ಗೊತ್ತಿರುವುದು ಇಷ್ಟೇ: ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ, ಎಷ್ಟು ಹೊತ್ತಿಗೆ, ಎಷ್ಟು ದುಡ್ಡು. ಸ್ಟೇಜ್ ಅಂದರೆ ದರ ಬದಲಾಗುವ ಜಾಗ. ಎರಡು ಸ್ಟೇಜುಗಳ ನಡುವೆ ಮೂರು ಗೇಟು, ಒಂದು ಕ್ರಾಸ್ ಇದ್ದರೆ ಅಲ್ಲಿ ಹತ್ತಿದವರೆಲ್ಲ ಒಂದೇ ಹೆಸರಿನಡಿ ಬೀಳುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೂ ಶೂನ್ಯ ಟಿಕೆಟ್ ಕೊಡುವುದರಿಂದ ಅವರ ಓಡಾಟ ದಾಖಲಾಗುತ್ತಿದೆ. ಪಾಸ್ ತೋರಿಸಿ ಹತ್ತುವ ಹುಡುಗರಿಗೆ ಸಾಮಾನ್ಯವಾಗಿ ಟಿಕೆಟ್ ಹರಿಯುವುದಿಲ್ಲ, ಹಾಗಾಗಿ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋದರೂ ಅವರು ಆ ಲೆಕ್ಕದಲ್ಲಿಲ್ಲ. ಹತ್ತಲಾಗದೆ ಉಳಿದವರ ಮಾತಂತೂ ಬಿಡಿ.

ಇದರ ಪರಿಣಾಮ ನಿಧಾನಕ್ಕೆ ಗೊತ್ತಾಗುತ್ತದೆ. ನಾಲ್ಕು ಸಲ ಬಸ್ಸು ನಿಲ್ಲದೆ ಹೋದರೆ ಐದನೇ ಸಲ ಯಾರೂ ಗೇಟಿನಲ್ಲಿ ನಿಲ್ಲುವುದಿಲ್ಲ. ಯಾರೋ ಕಂತಿನಲ್ಲಿ ಟಿವಿಎಸ್ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಆಟೊದವನಿಗೆ ತಿಂಗಳ ಲೆಕ್ಕ ಮಾತಾಡುತ್ತಾರೆ. ಆಮೇಲೆ ಯಂತ್ರದ ಲೆಕ್ಕ ತೆಗೆದರೆ ಆ ಗೇಟಿನಲ್ಲಿ ಜನವೇ ಇಲ್ಲ! ಕಾಗದದ ಮೇಲೆ ಅದು ಸರಿಯೂ ಹೌದು.

ಒಮ್ಮೆ ದಾರಿ ಬದಲಿಸಿದವರು ಎಲ್ಲರೂ ಹಿಂದಿರುಗುವುದಿಲ್ಲ. 2014ರ ಫೆಬ್ರುವರಿಯಲ್ಲಿ ಲಂಡನ್ನಿನ ಸುರಂಗ ರೈಲು ನೌಕರರು ಎರಡು ದಿನ ಮುಷ್ಕರ ಹೂಡಿದ್ದರು. ಸಂಶೋಧಕರು ಪ್ರಯಾಣಿಕರ ಕಾರ್ಡುಗಳ ದಾಖಲೆಯನ್ನು ಮುಷ್ಕರದ ಹಿಂದೆ-ಮುಂದೆ ಇಟ್ಟು ನೋಡಿದಾಗ, ಸುಮಾರು 5% ಜನ ಅನಿವಾರ್ಯವಾಗಿ ಹಿಡಿದ ಹೊಸ ದಾರಿಯಲ್ಲೇ ಉಳಿದುಬಿಟ್ಟಿದ್ದರು. ಅದು ಎರಡೇ ದಿನದ ಅಡಚಣೆ. ನಿಮ್ಮೂರಿನದು ದಿನಬೆಳಗಿನ ಪಾಡು.

ದಟ್ಟಣೆಯ ಹೊತ್ತು ತಪ್ಪಿಸಿ ಬೇಗ ಹೊರಡಿ ಎಂದು ಜನರನ್ನು ಒಲಿಸುವ ಪ್ರಯೋಗಗಳೂ ನಡೆದಿವೆ. 2008-09ರಲ್ಲಿ ಸ್ಟ್ಯಾನ್‌ಫರ್ಡಿನ ಬಾಲಾಜಿ ಪ್ರಭಾಕರ್ ತಂಡ ಬೆಂಗಳೂರಿನ ಇನ್ಫೋಸಿಸ್ ನೌಕರರಲ್ಲಿ ಬೇಗ ಬಂದವರಿಗೆ ಅಂಕ ಕೊಟ್ಟು, ವಾರಕ್ಕೊಮ್ಮೆ ಚೀಟಿ ಎತ್ತಿ ನಗದು ಬಹುಮಾನ ಹಂಚಿತು. ಬೇಗ ಬರುವವರ ಸಂಖ್ಯೆ ಸುಮಾರು ದುಪ್ಪಟ್ಟಾಯಿತು. ಒಳ್ಳೆಯದೇ. ಆದರೆ ಕಾಲೇಜಿನ ಗಂಟೆ, ಗಾರ್ಮೆಂಟ್ಸಿನ ಗೇಟು, ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ಯಾರ ಚೀಟಿಗೂ ಕಾಯುವುದಿಲ್ಲ. ನಮ್ಮ ಕಡೆ ಸರಿಯಬೇಕಾದದ್ದು ಬಸ್ಸಿನ ಹೊತ್ತು, ಇಲ್ಲವೇ ಕಾಲೇಜಿನ ಹೊತ್ತು.

ಬಸ್ಸಿನಲ್ಲಿ ಜಿಪಿಎಸ್ ಇದ್ದರೆ ಅದು ನಿಮ್ಮ ಗೇಟಿನಲ್ಲಿ ನಿಂತಿತೋ ಇಲ್ಲವೋ ತಿಳಿಯುತ್ತದೆ. ಅದರ ಪಕ್ಕದಲ್ಲಿ ಟಿಕೆಟ್ ಲೆಕ್ಕ ಇಟ್ಟರೆ ತುಂಬಿದ್ದಕ್ಕೇ ನಿಲ್ಲಿಸಲಿಲ್ಲ ಎಂಬ ಅಂದಾಜೂ ಸಿಗುತ್ತದೆ. ಎಷ್ಟು ಜನ ಉಳಿದರು ಅನ್ನುವುದನ್ನು ಮಾತ್ರ ಅಲ್ಲಿ ನಿಂತವರೇ ಎಣಿಸಬೇಕು. ಹಾಜರಿ ಪುಸ್ತಕ ಬರೆದು ಪಳಗಿದ ಕೈ ನಿಮ್ಮದು. ಎರಡು ವಾರ ಬರೆದಿಡಿ: ತಾರೀಖು, ಬಸ್ಸು ಬಂದ ಹೊತ್ತು, ನಿಂತಿತೇ, ಹತ್ತಲಾಗದೆ ಉಳಿದವರೆಷ್ಟು, ಅವರಲ್ಲಿ ಪಾಸಿನವರೆಷ್ಟು, ಉಳಿದವರು ಹೇಗೆ ಹೋದರು. "ಬಸ್ಸಿಲ್ಲ" ಎಂಬ ಅರ್ಜಿಗಳು ಕಚೇರಿಯಲ್ಲಿ ರಾಶಿ ಬಿದ್ದಿರುತ್ತವೆ, ಇಂಥ ಪಟ್ಟಿ ಅಪರೂಪ. ಚಿಕ್ಕಬಳ್ಳಾಪುರದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಕಾಲೇಜಿನ ಪ್ರಾಂಶುಪಾಲರ ಸಹಿಯೂ ಇದ್ದರೆ ಬಲ ಹೆಚ್ಚು.

ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂಪಾದಕ